ಮನಸ್ಸು ಕುಸಿದಾಗ ಯಾವ ಪುಸ್ತಕ ಮೊದಲು, ಯಾವುದು ಆಮೇಲೆ

ಖಿನ್ನತೆಯಿಂದ ಹೊರಗೆ ಬರೋಕೆ ಯಾವ ಪುಸ್ತಕ ಓದಿದ್ರಿ ಅಂತ ಈಗ ಆಗಾಗ ಯಾರಾದರೂ ನನ್ನನ್ನು ಕೇಳುತ್ತಾರೆ. ಹೆಸರು ಹೇಳುವುದು ಸುಲಭ. ಆದರೆ ನನ್ನ ಅನುಭವದಲ್ಲಿ ಹೆಸರಿಗಿಂತ ಕ್ರಮ ಮುಖ್ಯ. ಯಾವುದನ್ನು ಮೊದಲು ಓದಬೇಕು, ಯಾವುದನ್ನು ಆಮೇಲೆ, ಯಾವುದನ್ನು ಸ್ವಲ್ಪ ಚೇತರಿಸಿಕೊಂಡ ಮೇಲೆ ಮಾತ್ರ ಮುಟ್ಟಬೇಕು. ಒಂದೇ ಪುಸ್ತಕ ಒಂದು ಹೊತ್ತಿನಲ್ಲಿ ಎದೆ ಮೇಲೆ ಭಾರ ಹೇರುತ್ತದೆ, ಕೆಲವು ತಿಂಗಳು ಕಳೆದ ಮೇಲೆ ಅದೇ ಪುಸ್ತಕ ಕೈ ಹಿಡಿಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಆಸ್ಪತ್ರೆಯ ಆಪ್ತಸಮಾಲೋಚಕಿ. ಅವರು ಹೇಳಿದ ರೀತಿಯಲ್ಲೇ ಓದುತ್ತಾ ಬಂದೆ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಅಪ್ಪ ಬಹಳ ದಿನ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆ, ಮನೆ, ಮಂಡಿ ಅಂತ ಓಡಾಡುವಾಗ ಏನೂ ಅನ್ನಿಸಲಿಲ್ಲ. ಅವರು ಹೋದ ಮೇಲೆ, ತಿಥಿ ಎಲ್ಲ ಮುಗಿದು ನೆಂಟರು ಊರಿಗೆ ಹೋದ ಮೇಲೆ, ಶುರುವಾಯಿತು. ಬೆಳಗಿನ ಜಾವ 3 ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ರುಚಿಸುವುದಿಲ್ಲ. ಮಂಡಿಯಲ್ಲಿ ಹರಾಜಿನ ದಿನ ಒಂದು ಪುಟದ ಮೊತ್ತ ಕೂಡಿಸಲು ಕೂತರೆ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಮೇಲಿನದು ಮರೆತುಹೋಗಿರುತ್ತಿತ್ತು. ಮತ್ತೆ ಕೂಡಿಸು, ಮತ್ತೆ ತಪ್ಪು. ಇಷ್ಟು ವರ್ಷ ಬಾಯಲ್ಲೇ ಕೂಡಿಸುತ್ತಿದ್ದವನಿಗೆ ಕ್ಯಾಲ್ಕುಲೇಟರ್ ಇಟ್ಟುಕೊಂಡರೂ ನಂಬಿಕೆ ಬರುತ್ತಿರಲಿಲ್ಲ.

ಆ ದಿನಗಳಲ್ಲಿ ಮನೆಗೆ ಬಂದವರು ಪುಸ್ತಕ ತಂದುಕೊಟ್ಟರು. ನಾನು ಓದುವವನು ಅಂತ ಎಲ್ಲರಿಗೂ ಗೊತ್ತು, ಪ್ರೀತಿಯಿಂದಲೇ ಕೊಟ್ಟರು. ಬೆಳಗ್ಗೆ ಐದಕ್ಕೆ ಏಳಿ, ದೊಡ್ಡ ಗುರಿ ಇಟ್ಟುಕೊಳ್ಳಿ, ನಿಮ್ಮ ಬದುಕಿಗೆ ನೀವೇ ಜವಾಬ್ದಾರರು, ಗೆದ್ದವರು ಹೀಗೆ ಯೋಚಿಸುತ್ತಾರೆ, ಅಂಥವು. ಇಂಥ ಪುಸ್ತಕಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅವು ಕೈಯಲ್ಲಿ ಕಸುವು ಇರುವವರಿಗೆ ಬರೆದ ಪುಸ್ತಕಗಳು. ಹಾಸಿಗೆಯಿಂದ ಏಳುವುದೇ ದಿನದ ದೊಡ್ಡ ಕೆಲಸ ಆಗಿರುವವನು ಅದನ್ನು ಓದಿದರೆ ಅವನಿಗೆ ಕೇಳಿಸುವುದು ಒಂದೇ ಮಾತು: ನೀನು ಮನಸ್ಸು ಮಾಡಿಲ್ಲ, ಅದಕ್ಕೇ ಹೀಗಾಗಿದೆ. ಆ ಮಾತನ್ನು ಖಿನ್ನತೆ ಇರುವವನ ಮನಸ್ಸು ದಿನವಿಡೀ ಅವನಿಗೆ ಹೇಳುತ್ತಲೇ ಇರುತ್ತದೆ, ಇನ್ನು ಪುಸ್ತಕವೂ ಅದನ್ನೇ ಹೇಳಿದರೆ ಹೇಗಾಗಬೇಡ. ಹಾಗಾಗಿ ಕಷ್ಟದಲ್ಲಿರುವವರಿಗೆ ಪುಸ್ತಕ ಕೊಡುವವರು ಇದೊಂದನ್ನು ಯೋಚಿಸಿ ಕೊಡಬೇಕು ಅಂತ ನನ್ನ ಬೇಡಿಕೆ.

ಹೆಂಡತಿಗೆ ಯಾರೋ ಆಶಾ ಕಾರ್ಯಕರ್ತೆ ಹೇಳಿದ್ದರಂತೆ. "ರೀ, ಮಂಗಳವಾರ ಸರ್ಕಾರಿ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರ್ತಾರಂತೆ. ಒಂದ್ಸಲ ತೋರಿಸ್ಕೊಂಡು ಬರೋಣ. ನಾನೂ ಬರ್ತೀನಿ" ಅಂದಳು. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಅದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ನನಗೂ ಗೊತ್ತಿರಲಿಲ್ಲ.

ಅಲ್ಲಿ ಮೊದಲು ಒಂದು ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಇಂಥದ್ದು ಎಷ್ಟು ಸಲ ಕಾಡಿತು ಅಂತ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ನಿದ್ದೆ, ಹಸಿವು, ಆಯಾಸ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ತನ್ನ ಬಗ್ಗೆ ತನಗೇ ಕೀಳಾಗಿ ಅನ್ನಿಸುವುದು. ಪಿಎಚ್‌ಕ್ಯೂ-9 ಅಂತ ಅದರ ಹೆಸರು, ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಒಟ್ಟು 27ಕ್ಕೆ. ಕೊನೆಯ ಪ್ರಶ್ನೆ ಸಾಯುವ ಯೋಚನೆ ಬರುತ್ತದಾ ಎಂಬುದು. ಅಲ್ಲಿ ನಿಜವನ್ನೇ ಹೇಳಿದೆ. ಡಾಕ್ಟರು ಗಾಬರಿ ಪಡಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಹೆಂಡತಿಯನ್ನು ಒಳಗೆ ಕರೆದು ಕೂರಿಸಿಕೊಂಡು, ಮಾತ್ರೆ ಅವಳ ಕೈಯಲ್ಲೇ ಇರಲಿ, ಒಬ್ಬನನ್ನೇ ಜಾಸ್ತಿ ಹೊತ್ತು ಬಿಡಬೇಡಿ ಅಂತ ನಿಧಾನವಾಗಿ ವಿವರಿಸಿದರು. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನಾಳೆಯೇ ಏನೂ ಆಗಲಿಲ್ಲ ಅಂತ ಬಿಡಬೇಡಿ ಅಂದರು.

ಆಮೇಲೆ ಪಕ್ಕದ ಕೋಣೆಯಲ್ಲಿ ಆಪ್ತಸಮಾಲೋಚಕಿ. ಏನು ಓದುತ್ತಿದ್ದೀರಿ ಅಂತ ಕೇಳಿದರು. ಮನೆಯಲ್ಲಿ ಕೂಡಿದ್ದ ಪುಸ್ತಕಗಳ ವಿಷಯ ಹೇಳಿದೆ. "ಅವೆಲ್ಲ ಸದ್ಯಕ್ಕೆ ಮೇಲೆ ಎತ್ತಿಡಿ. ಬಿಸಾಡಬೇಡಿ, ಮುಂದೆ ಬೇಕಾಗುತ್ತೆ" ಅಂದರು. ನಂತರ ಒಂದು ತೆಳು ಪುಸ್ತಕ ಕೊಟ್ಟು, ದಿನಕ್ಕೆ ಒಂದೇ ಪುಟ, ಅದನ್ನೂ ನೀವು ಓದಬೇಡಿ, ಮನೆಯವರಿಂದ ಓದಿಸಿ ಕೇಳಿ ಅಂದರು.

ಈ ಮೊದಲ ಹಂತದ ಪುಸ್ತಕದ ಕೆಲಸ ಒಂದೇ. ಕಾಯಿಲೆ ಏನು ಅಂತ ತಿಳಿಸುವುದು. ಸ್ಫೂರ್ತಿ ಬೇಡ, ಕಥೆ ಬೇಡ, ಮಾಹಿತಿ ಸಾಕು. ಇದರಲ್ಲಿ ಕನ್ನಡಿಗರು ಅದೃಷ್ಟವಂತರು ಅಂತಲೇ ಹೇಳಬೇಕು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಮನಸ್ಸಿನ ಕಾಯಿಲೆಗಳ ಬಗ್ಗೆ ಸಣ್ಣ ಸಣ್ಣ ಪುಸ್ತಕಗಳನ್ನು ಬರೆಯುತ್ತಲೇ ಬಂದಿದ್ದಾರೆ, ಎಸ್‌ಎಸ್‌ಎಲ್‌ಸಿ ಓದಿದವರಿಗೂ ಅರ್ಥವಾಗುವ ಭಾಷೆಯಲ್ಲಿ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಳ್ಳಿಯ ಗ್ರಂಥಾಲಯದಲ್ಲೂ ಅವರ ಒಂದಾದರೂ ಪುಸ್ತಕ ಸಿಗುವ ಸಾಧ್ಯತೆ ಇದೆ, ಹುಡುಕಿ ನೋಡಿ.

ರಾತ್ರಿ ಊಟವಾದ ಮೇಲೆ ಹೆಂಡತಿ ಜೋರಾಗಿ ಓದುತ್ತಿದ್ದಳು. ಲಕ್ಷಣಗಳ ಪಟ್ಟಿ ಬಂದ ದಿನ ಚೆನ್ನಾಗಿ ನೆನಪಿದೆ. ಬೆಳಗಿನ ಜಾವ ಬೇಗ ಎಚ್ಚರವಾಗುವುದು, ಸಣ್ಣ ತೀರ್ಮಾನವೂ ಕಷ್ಟವಾಗುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಮಾಡದ ತಪ್ಪಿಗೂ ತನ್ನನ್ನೇ ದೂರಿಕೊಳ್ಳುವುದು. ಅವಳು ಒಂದೊಂದು ಓದಿ ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಪಟ್ಟಿ ಮುಗಿಯುವ ಹೊತ್ತಿಗೆ ಅವಳು ಅಳುತ್ತಿದ್ದಳು. "ನೀವು ನಮ್ಮ ಮೇಲೆ ಬೇಜಾರು ಮಾಡ್ಕೊಂಡಿದ್ದೀರಿ ಅಂದ್ಕೊಂಡಿದ್ದೆ" ಅಂದಳು. ಆ ರಾತ್ರಿ ನಾವು ಬಹಳ ಹೊತ್ತು ಮಾತಾಡಿದೆವು, ಅಪ್ಪ ಹೋದ ಮೇಲೆ ಅದೇ ಮೊದಲು. ಜೋರಾಗಿ ಓದಿಸಿ ಅಂತ ಮೇಡಂ ಯಾಕೆ ಹೇಳಿದರು ಅಂತ ಆಗ ತಿಳಿಯಿತು. ಪುಸ್ತಕ ನನಗೆ ಎಷ್ಟು ಬೇಕಿತ್ತೋ ಅವಳಿಗೂ ಅಷ್ಟೇ ಬೇಕಿತ್ತು.

ನಿದ್ದೆ ಸ್ವಲ್ಪ ದಾರಿಗೆ ಬಂದ ಮೇಲೆ, ಒಂದು ಪುಟ ನಾನೇ ಓದಿ ನೆನಪಿಟ್ಟುಕೊಳ್ಳುವಷ್ಟಾದ ಮೇಲೆ, ಎರಡನೇ ಹಂತ. ಇದು ಪೆನ್ನು ಹಿಡಿದು ಓದುವ ಪುಸ್ತಕ. ಅಮೆರಿಕದ ಮನೋವೈದ್ಯ ಡೇವಿಡ್ ಬರ್ನ್ಸ್ 1980ರಲ್ಲಿ ಬರೆದ 'ಫೀಲಿಂಗ್ ಗುಡ್'. ಅದರ ಬೇರು ಇರುವುದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆರನ್ ಬೆಕ್ ಅವರು 1960ರ ದಶಕದಲ್ಲಿ ಕಟ್ಟಿದ ಚಿಕಿತ್ಸೆಯಲ್ಲಿ. ಮನಸ್ಸು ಕುಗ್ಗಿದಾಗ ತಾನಾಗಿಯೇ ಕೆಲವು ಮಾತುಗಳು ಹೊಳೆಯುತ್ತವೆ, ಅವನ್ನು ನಾವು ಪರೀಕ್ಷೆ ಮಾಡದೆ ನಂಬಿಬಿಡುತ್ತೇವೆ, ಬರೆದು ಪರೀಕ್ಷೆ ಮಾಡಿದರೆ ಅವುಗಳ ಬಲ ಕಡಿಮೆಯಾಗುತ್ತದೆ, ಇಷ್ಟೇ ಅದರ ತಿರುಳು. ಬೆಕ್ 2021ರಲ್ಲಿ ತೀರಿಕೊಂಡರು, 100 ವರ್ಷ ಬದುಕಿದ್ದರು.

ಪುಸ್ತಕ ದಪ್ಪ, ಇಂಗ್ಲಿಷಿನಲ್ಲಿದೆ. ಪೂರ್ತಿ ಓದಬೇಕಾಗಿಲ್ಲ ಅಂತ ಮೇಡಂ ಕೆಲವು ಅಧ್ಯಾಯ ಗುರುತು ಹಾಕಿಕೊಟ್ಟರು. ಅದರಲ್ಲಿರುವ ಮೂರು ಕಾಲಂಗಳ ಅಭ್ಯಾಸವನ್ನು ಕನ್ನಡದಲ್ಲಿ ಬರೆಯಿರಿ ಅಂದರು. ನನಗೆ ಕಾಲಂ ಹೊಸದಲ್ಲ. ಮಂಡಿಯಲ್ಲಿ ಬಳಸುವಂಥದ್ದೇ ಒಂದು ಉದ್ದನೆ ಲೆಕ್ಕದ ಪುಸ್ತಕ ತಂದು ಗೆರೆ ಎಳೆದೆ. ಎಡಗಡೆ, ಮನಸ್ಸಿಗೆ ಬಂದ ಮಾತು. ನಡುವೆ, ಆ ಮಾತು ಎಲ್ಲಿ ಅಡ್ಡದಾರಿ ಹಿಡಿದಿದೆ. ಬಲಗಡೆ, ನ್ಯಾಯವಾಗಿ ನೋಡಿದರೆ ಹೇಳಬಹುದಾದ ಮಾತು.

ಒಂದು ಪುಟ ಹೇಗಿತ್ತು ಅಂತ ತೋರಿಸುತ್ತೇನೆ. ಬೆಳಗ್ಗೆ ಯಜಮಾನರಿಗೆ ನಮಸ್ಕಾರ ಅಂದೆ, ಅವರು ತಿರುಗಿ ನೋಡದೆ ಒಳಗೆ ಹೋದರು. ತಕ್ಷಣ ಮನಸ್ಸಿಗೆ ಬಂದದ್ದು: "ನನ್ನ ಲೆಕ್ಕ ತಪ್ಪುತ್ತಿರುವುದು ಗೊತ್ತಾಗಿದೆ. ಕೆಲಸದಿಂದ ತೆಗೀತಾರೆ. ಮಕ್ಕಳ ಫೀಸಿಗೆ ಏನು ಮಾಡಲಿ." ಅದನ್ನು ಹಾಗೇ ಬರೆದೆ. ನಂಬಿಕೆ 100ಕ್ಕೆ ಎಷ್ಟು? 90. ನಡುವಿನ ಕಾಲಂನಲ್ಲಿ, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಕೇಳದೆಯೇ ತೀರ್ಮಾನ ಮಾಡಿರುವುದು, ಆಗದೇ ಇರುವ ಭವಿಷ್ಯ ಹೇಳಿರುವುದು. ಇಂಥ ಅಡ್ಡದಾರಿಗಳು ಹತ್ತು ಅಂತ ಬರ್ನ್ಸ್ ಪಟ್ಟಿ ಮಾಡಿದ್ದಾರೆ. ಬಲಗಡೆ ಬರೆಯಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಬರೆದದ್ದು: "ಅವರ ಕೈಯಲ್ಲಿ ಫೋನ್ ಇತ್ತು. ನಿನ್ನೆ ಸಂಜೆ ಕಾಫಿ ತರಿಸಿ ಕೊಟ್ಟಿದ್ದಾರೆ. ನನ್ನ ಪರಿಸ್ಥಿತಿ ಅವರಿಗೆ ಗೊತ್ತಿದೆ, ರಜೆ ಬೇಕಾದರೆ ತಗೊಳ್ಳಿ ಅಂತಾನೂ ಅಂದಿದ್ದಾರೆ." ಮತ್ತೆ ಅಂಕ ಹಾಕಿದೆ. 50. ಸೊನ್ನೆಯಾಗಲಿಲ್ಲ. ಆದರೆ 90 ಇರುವಾಗ ಕೂರಲು ಆಗುತ್ತಿರಲಿಲ್ಲ, 50ಕ್ಕೆ ಇಳಿದಾಗ ಪೆನ್ನು ತೆಗೆದುಕೊಂಡು ಲೆಕ್ಕ ಬರೆಯಲು ಸಾಧ್ಯವಾಯಿತು.

ಇದನ್ನು ಒಳ್ಳೆಯದನ್ನೇ ಯೋಚಿಸು ಅನ್ನುವ ಉಪದೇಶದ ಜತೆ ಸೇರಿಸಬೇಡಿ. ಬಲಗಡೆ ಕಾಲಂನಲ್ಲಿ ಸುಳ್ಳು ಸಮಾಧಾನ ಬರೆಯುವ ಹಾಗಿಲ್ಲ. ಬರೆದ ಮಾತನ್ನು ನಾನೇ ನಂಬಬೇಕು, ಸಾಕ್ಷಿ ಇರಬೇಕು. ಒಂದು ಸಲ "ಎಲ್ಲ ಸರಿಹೋಗುತ್ತೆ" ಅಂತ ಬರೆದಿದ್ದೆ. ಮೇಡಂ ಅದನ್ನು ಹೊಡೆದುಹಾಕಿ, ಯಾವುದು ಸರಿಹೋಗಿದೆ ಹೇಳಿ, ಅಷ್ಟನ್ನೇ ಬರೆಯಿರಿ ಅಂದರು.

ಇನ್ನೊಂದು ಅಭ್ಯಾಸವೂ ಆ ಪುಸ್ತಕದ್ದೇ. ಒಂದು ಕೆಲಸ ಮಾಡುವ ಮೊದಲು ಅದರಿಂದ ಎಷ್ಟು ಸಮಾಧಾನ ಸಿಗಬಹುದು ಅಂತ ಊಹಿಸಿ ಬರೆಯುವುದು, ಮಾಡಿದ ಮೇಲೆ ನಿಜವಾಗಿ ಸಿಕ್ಕಿದ್ದು ಎಷ್ಟು ಅಂತ ಬರೆಯುವುದು. ತೋಟಕ್ಕೆ ಹೋಗಿ ಬರುವುದು ಅಂತ ಬರೆದೆ, ಊಹೆ 10. ಹೋದೆ. ಅಪ್ಪ ನೆಟ್ಟ ಗಿಡಗಳಿಗೆ ನೀರು ಬಿಟ್ಟು, ಬಿದ್ದಿದ್ದ ಗರಿ ಎಳೆದು ಹಾಕಿ ಬಂದೆ. ನಿಜವಾದದ್ದು 40. ಹೀಗೆ ಬಹಳ ಸಲ ಆಯಿತು. ಖಿನ್ನತೆಯಲ್ಲಿ ಮನಸ್ಸಿನ ಊಹೆ ಯಾವಾಗಲೂ ಕಡಿಮೆಯೇ ಬರುತ್ತದೆ ಅಂತ ನನ್ನ ಕೈಬರಹದಲ್ಲೇ ಸಾಕ್ಷಿ ಸಿಕ್ಕಿತು. ಆಮೇಲೆ ಎಲ್ಲಿಗೂ ಬೇಡ ಅನ್ನಿಸಿದ ದಿನವೂ ಆ ಪುಟ ತೆಗೆದು ನೋಡಿ ಎದ್ದು ಹೋಗುತ್ತಿದ್ದೆ.

ಪುಸ್ತಕ ಓದಿ ಕಾಯಿಲೆ ಕಡಿಮೆ ಆಗುತ್ತದಾ ಅಂತ ಅನುಮಾನ ಪಡುವವರು ಇದ್ದಾರೆ. ಅಲಬಾಮಾ ವಿಶ್ವವಿದ್ಯಾಲಯದ ಫಾರೆಸ್ಟ್ ಸ್ಕೋಗಿನ್ ಮತ್ತು ಅವರ ಜತೆಗಾರರು ಇದೇ ಪುಸ್ತಕವನ್ನು ಖಿನ್ನತೆ ಇದ್ದವರಿಗೆ ಕೊಟ್ಟು, ನಾಲ್ಕು ವಾರದಲ್ಲಿ ಓದಲು ಹೇಳಿ, ಓದದೆ ಕಾಯುತ್ತಿದ್ದವರ ಜತೆ ಹೋಲಿಸಿ ನೋಡಿದ್ದಾರೆ. ಓದಿದವರಲ್ಲಿ ಲಕ್ಷಣಗಳು ಚೆನ್ನಾಗಿಯೇ ಕಡಿಮೆಯಾದವು. 1990ರ ದಶಕದ ಮಾತು ಇದು. ಅದರಲ್ಲಿ ಎರಡು ವಿಷಯ ಗಮನಿಸಬೇಕು. ಆ ಜನರಿಗೆ ಇದ್ದದ್ದು ತೀರಾ ಜೋರಾದ ಖಿನ್ನತೆಯಲ್ಲ. ಮತ್ತೆ ವಾರಕ್ಕೊಮ್ಮೆ ಯಾರಾದರೂ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 2013ರಿಂದ ಡಾಕ್ಟರು ಸೂಚಿಸಿದ ಇಂಥ ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯದಲ್ಲಿ ಎರವಲು ಕೊಡುವ ಯೋಜನೆಯೇ ನಡೆಯುತ್ತಿದೆ. ನಮ್ಮಲ್ಲೂ ಊರೂರಿಗೆ ಗ್ರಂಥಾಲಯ ಇದೆ, ಕನ್ನಡದಲ್ಲಿ ಪುಸ್ತಕ ಇದೆ, ಮಂಗಳವಾರದ ಡಾಕ್ಟರೂ ಇದ್ದಾರೆ. ಇವು ಮೂರನ್ನು ಜೋಡಿಸಿದರೆ ಎಷ್ಟು ಜನಕ್ಕೆ ಅನುಕೂಲ ಆಗುತ್ತದೆ ಅಲ್ವಾ? ಇದು ಆಗಲೇಬೇಕು ಅನ್ನುವುದು ನನ್ನ ಬಲವಾದ ಆಸೆ.

ಮೂರನೇ ಹಂತಕ್ಕೆ ಬರುವ ಹೊತ್ತಿಗೆ ಮಂಡಿಯ ಮೊತ್ತ ಒಂದೇ ಸಲಕ್ಕೆ ಸರಿ ಬರುತ್ತಿತ್ತು. ಆಗ ಬೇರೆಯದೇ ಪ್ರಶ್ನೆ ಶುರುವಾಯಿತು. ಅಪ್ಪ ಇಲ್ಲ. ಇನ್ನು ಯಾವುದಕ್ಕಾಗಿ ಇಷ್ಟೆಲ್ಲ? ಇದಕ್ಕೆ ಕಾಲಂ ಎಳೆದರೆ ಉತ್ತರ ಸಿಗುವುದಿಲ್ಲ. ಆಗ ಮೇಡಂ ವಿಕ್ಟರ್ ಫ್ರಾಂಕಲ್ ಅವರ 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್' ಕೊಟ್ಟರು. ವಿಯೆನ್ನಾದ ಯಹೂದಿ ಮನೋವೈದ್ಯ. 1942ರಲ್ಲಿ ಮನೆಯವರ ಜತೆ ನಾಜಿಗಳ ಸೆರೆಗೆ ಸಿಕ್ಕವರು. ಆಶ್‌ವಿಟ್ಸ್ ಸೇರಿ ನಾಲ್ಕು ಶಿಬಿರ ಕಂಡರು. ತಂದೆ, ತಾಯಿ, ಅಣ್ಣತಮ್ಮ, ಹೆಂಡತಿ, ಎಲ್ಲರನ್ನೂ ಕಳೆದುಕೊಂಡರು. 1945ರಲ್ಲಿ ಬಿಡುಗಡೆಯಾಗಿ ಬಂದು ಒಂಬತ್ತೇ ದಿನದಲ್ಲಿ ಹೇಳಿ ಬರೆಸಿದ ಪುಸ್ತಕ ಅದು, ಮರುವರ್ಷ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಬ್ಬರು ಕೈದಿಗಳ ಪ್ರಸಂಗ. ಇಬ್ಬರೂ ಬದುಕಿನಿಂದ ಇನ್ನೇನೂ ಸಿಗುವುದಿಲ್ಲ ಅಂತ ಸಾಯಲು ತೀರ್ಮಾನಿಸಿದ್ದವರು. ಫ್ರಾಂಕಲ್ ಅವರ ಜತೆ ಮಾತಾಡುತ್ತಾ ಪ್ರಶ್ನೆಯನ್ನೇ ತಿರುಗಿಸುತ್ತಾರೆ: ನಿಮ್ಮಿಂದ ಬದುಕು ಏನನ್ನು ಕಾಯುತ್ತಿದೆ? ಒಬ್ಬನಿಗೆ ಬೇರೆ ದೇಶದಲ್ಲಿ ಮಗು ಇತ್ತು. ಇನ್ನೊಬ್ಬ ವಿಜ್ಞಾನಿ, ಅವನು ಬರೆಯುತ್ತಿದ್ದ ಪುಸ್ತಕಗಳು ಅರ್ಧಕ್ಕೆ ನಿಂತಿದ್ದವು. ಆ ಪುಟ ಓದಿ ಪುಸ್ತಕ ಮಡಚಿದೆ. ಅಪ್ಪ ನೆಟ್ಟ ತೆಂಗಿನ ಸಸಿಗಳು ಫಸಲಿಗೆ ಬರಲು ಇನ್ನೂ ವರ್ಷಗಳು ಬೇಕು. ಅವಕ್ಕೆ ನೀರು ಬಿಡುವವನು ನಾನು. ಮಕ್ಕಳಿಗೆ ತಾತನ ವಿಷಯ ಹೇಳಬೇಕಾದವನೂ ನಾನೇ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಅದನ್ನು ಜನ ಕಡಿಮೆ ಹೇಳುತ್ತಾರೆ. ನೋವಿನಲ್ಲಿ ಅರ್ಥ ಹುಡುಕಬೇಕಾದ್ದು ಆ ನೋವು ತಪ್ಪಿಸಲಾಗದ್ದಾದರೆ ಮಾತ್ರ. ತಪ್ಪಿಸಬಹುದಾದರೆ ಅದರ ಕಾರಣವನ್ನು ಮೊದಲು ತೆಗೆಯಬೇಕು, ಸುಮ್ನೆ ಅನುಭವಿಸುವುದರಲ್ಲಿ ದೊಡ್ಡತನ ಇಲ್ಲ ಅಂತ ಫ್ರಾಂಕಲ್ ಸ್ಪಷ್ಟವಾಗಿ ಹೇಳಿದ್ದಾರೆ. ಅಂದರೆ ಮಾತ್ರೆಯಿಂದ ಸರಿಹೋಗುವ ನಿದ್ದೆಯನ್ನು ಮಾತ್ರೆ ತೆಗೆದುಕೊಂಡು ಸರಿಮಾಡಿಕೊಳ್ಳಬೇಕು. ಅಪ್ಪನ ಸಾವು ತಪ್ಪಿಸಲಾಗದ್ದು, ಅದರ ಜತೆ ಬದುಕುವುದನ್ನು ಕಲಿಯಬೇಕು. ಈ ಪುಸ್ತಕವನ್ನು ಮೇಡಂ ಯಾಕೆ ತಡವಾಗಿ ಕೊಟ್ಟರು ಅಂತ ಇಲ್ಲಿ ನನಗೆ ಪೂರ್ತಿ ಅರ್ಥವಾಯಿತು. ಮೊದಲ ವಾರವೇ ಕೊಟ್ಟಿದ್ದರೆ, ಅಂಥ ಶಿಬಿರದಲ್ಲಿ ಇದ್ದವರೇ ತಡೆದುಕೊಂಡರು, ನಿನಗೇನಾಗಿದೆ ಅಂತ ನನ್ನ ಮನಸ್ಸು ನನ್ನನ್ನೇ ಚುಚ್ಚುತ್ತಿತ್ತು.

ಇದೇ ಹೊತ್ತಿಗೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಭಾನುವಾರ ಸಂಜೆ ಅವರ ಮನೆ ಜಗಲಿಯಲ್ಲಿ ಕಗ್ಗ ಓದಿಸುವುದಕ್ಕೆ ನನ್ನನ್ನೂ ಕರೆದರು. ಡಿವಿಜಿಯವರ ಮಂಕುತಿಮ್ಮನ ಕಗ್ಗ 1943ರಲ್ಲಿ ಬಂದದ್ದು, 945 ಪದ್ಯ. ನಾವು ವಾರಕ್ಕೆ ಎರಡೋ ಮೂರೋ ಪದ್ಯ ಓದಿ ಮಾತಾಡುತ್ತೇವೆ, ಅಷ್ಟೇ. ಕಷ್ಟದ ಮಳೆ ಸುರಿದಾಗ ಕಲ್ಲಾಗು ಅನ್ನುವ ಸಾಲನ್ನು ಅಪ್ಪನ ಸಾವಿಗೆ ಬಂದವರೆಲ್ಲ ನನಗೆ ಹೇಳಿದ್ದರು. ಕಲ್ಲಾಗಲು ಆಗದೆ ನಾನು ಒದ್ದಾಡಿದ್ದೆ. ಮೇಷ್ಟ್ರು ಅದೇ ಪದ್ಯವನ್ನು ಪೂರ್ತಿ ಓದಿಸಿದರು. ಅದು ಶುರುವಾಗುವುದು ಬೆಟ್ಟದಡಿಯ ಹುಲ್ಲಾಗು ಅಂತ. ಮುಗಿಯುವುದು ಎಲ್ಲರೊಳಗೊಂದಾಗು ಅಂತ. "ಒಂದೇ ಸಾಲು ಕಿತ್ಕೊಂಡು ಹೋದ್ರೆ ಹೇಗಪ್ಪ, ನಾಲ್ಕೂ ಸೇರಿದ್ರೇ ಪದ್ಯ" ಅಂದರು ಮೇಷ್ಟ್ರು.

ಈ ಮಾತನ್ನು ಮೇಡಂಗೆ ಹೇಳಿದಾಗ ಅವರು ಹವಾಯಿಯ ಕವಾಯಿ ದ್ವೀಪದ ಅಧ್ಯಯನದ ವಿಷಯ ತೆಗೆದರು. ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಮನೆಯಲ್ಲಿ ಜಗಳ, ಹೆತ್ತವರ ಕುಡಿತ ಅಥವಾ ಕಾಯಿಲೆ, ಹೀಗೆ ಹಲವು ಕಷ್ಟ ಒಟ್ಟಿಗೇ ಇದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿ ಬೆಳೆದು ನಿಂತರು. ಅವರ ಬದುಕಿನಲ್ಲಿ ಎದ್ದು ಕಂಡ ಅಂಶಗಳಲ್ಲಿ ಒಂದು, ಅಕ್ಕರೆಯಿಂದ ನೋಡಿಕೊಂಡ ಒಬ್ಬರಾದರೂ ಹಿರಿಯರು ಇದ್ದದ್ದು. ಅಜ್ಜಿಯೋ, ಮೇಷ್ಟ್ರೋ, ಪಕ್ಕದ ಮನೆಯವರೋ. ಮನೋಬಲ ಒಬ್ಬನೇ ಹಲ್ಲು ಕಚ್ಚಿ ಸಾಧಿಸುವ ವಿಷಯ ಅಂತ ಬರೆಯುವ ಪುಸ್ತಕಗಳು ಈ ಅರ್ಧವನ್ನು ಬಿಟ್ಟುಬಿಡುತ್ತವೆ. ನನಗೆ ಆ ಪುಸ್ತಕಗಳ ಮೇಲಿರುವ ಮುಖ್ಯ ತಕರಾರು ಇದೇ. ಗುಣವಾಗುವಾಗ ನನ್ನ ಪಕ್ಕದಲ್ಲಿ ಓದಿ ಹೇಳಿದವಳು ಇದ್ದಳು, ಕಾಲಂ ತಿದ್ದಿದವರು ಇದ್ದರು, ಜಗಲಿ ಮೇಲೆ ಜಾಗ ಮಾಡಿಕೊಟ್ಟವರು ಇದ್ದರು.

ಮೇಲೆ ಎತ್ತಿಟ್ಟಿದ್ದ ಪುಸ್ತಕಗಳನ್ನು ಈಗ ಇಳಿಸಿದ್ದೇನೆ. ಅಭ್ಯಾಸ ಕಟ್ಟಿಕೊಳ್ಳುವ ಬಗ್ಗೆ ಇರುವ ಒಂದು ಪುಸ್ತಕ ನಿಜವಾಗಿ ಉಪಯೋಗಕ್ಕೆ ಬಂತು. ಹೊಸ ಅಭ್ಯಾಸವನ್ನು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಅಂಟಿಸು ಅನ್ನುತ್ತದೆ ಅದು. ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಲೆಕ್ಕದ ಪುಸ್ತಕ ತೆಗೆದು ಒಂದು ಸಾಲಾದರೂ ಬರೆಯುತ್ತೇನೆ. ಮಾತ್ರೆಯನ್ನು ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡುತ್ತಿದ್ದೇವೆ. ಚೆನ್ನಾಗಿದ್ದೇನೆ ಅಂತ ಮಾತ್ರೆಯನ್ನು ತಾವೇ ನಿಲ್ಲಿಸುವುದು, ಪುಸ್ತಕ ಇದೆಯಲ್ಲ ಅಂತ ಡಾಕ್ಟರನ್ನು ಬಿಡುವುದು, ಎರಡನ್ನೂ ದಯವಿಟ್ಟು ಮಾಡಬೇಡಿ.

ಇತ್ತೀಚೆಗೆ ನಮ್ಮ ಮಂಡಿಗೆ ಕೊಬ್ಬರಿ ತರುವ ರೈತರೊಬ್ಬರು ಪಕ್ಕಕ್ಕೆ ಕರೆದು, "ಮಗ ಹಾಸ್ಟೆಲ್‌ನಿಂದ ಬಂದು ಮಾತೇ ಆಡ್ತಿಲ್ಲ ಸ್ವಾಮಿ, ಧೈರ್ಯ ಬರೋ ಅಂಥ ಪುಸ್ತಕ ಯಾವುದಾದ್ರೂ ಇದ್ರೆ ಕೊಡಿ" ಅಂದರು. ನಿದ್ದೆ ಮಾಡ್ತಾನಾ, ಊಟ ಮಾಡ್ತಾನಾ ಅಂತ ಕೇಳಿದೆ. ಎರಡೂ ಇಲ್ಲವಂತೆ. ತೆಳು ಪುಸ್ತಕವನ್ನೇ ಕೊಟ್ಟೆ, ಅಮ್ಮನೋ ಅಕ್ಕನೋ ಓದಿ ಹೇಳಲಿ ಅಂದೆ. ಒಳಗಿನ ಪುಟದಲ್ಲಿ 14416 ಅಂತ ದೊಡ್ಡದಾಗಿ ಬರೆದುಕೊಟ್ಟೆ. ಟೆಲಿ ಮಾನಸ್ ಸಹಾಯವಾಣಿ ಅದು, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಸಾಯುವ ಯೋಚನೆ ಬರುತ್ತಿದ್ದರಂತೂ ತಡ ಮಾಡದೆ ಮಾಡಬೇಕಾದ ನಂಬರ್. ಬರುವ ಮಂಗಳವಾರ ಬೆಳಗ್ಗೆ ಮಗನನ್ನು ಕರೆದುಕೊಂಡು ಆಸ್ಪತ್ರೆ ಹತ್ತಿರ ಬರಲು ಹೇಳಿದ್ದೇನೆ. ಯಜಮಾನರ ಹತ್ತಿರ ಅರ್ಧ ದಿನ ರಜೆ ಕೇಳಿದ್ದೇನೆ, ನಾನೂ ಜತೆಗೆ ಹೋಗುತ್ತೇನೆ.